ಟಾಂಗಾ ಹತ್ತಿದ ಅಡ್ಡಹೆಸರು

"ಪ್ರಚಾರ ಬೇಕ, ಪ್ರಚಾರ! ನಾಳಿ ಸಂಜಿ ಆಗೂದ್ರಾಗ ಇಡೀ ಆಳಂದಕ್ಕ ಬುದ್ಧಿ ಕಲಸ್ತೇನಿ ನೋಡು!" ಎಂದು ದೌಲತರಾಯರು ಎದೆ ತಟ್ಟಿಕೊಂಡರು. ಕಸ್ತೂರಿಬಾಯಿಯ ಎದೆ ಧಸಕ್ಕೆಂದಿತು. ಗಂಡ ಹಿಂದೊಮ್ಮೆ ಹೀಗೆಯೇ ಎದೆ ತಟ್ಟಿ, ಸೋರುವ ಮಾಳಿಗೆಯನ್ನು ನೆಟ್ಟಗೆ ಮಾಡಲು ಹೋಗಿ ಮಾಳಿಗೆಯನ್ನೇ ಕೆಳಗಿಳಿಸಿದ್ದರು!

ಎಲ್ಲಕ್ಕೂ ಮೂಲ ಹೊಸ ಫೋನು. ತೊಗರಿ ದಲಾಲಿಯ ಅಡತಿ ಅಂಗಡಿ ಇಟ್ಟಿದ್ದ ರಾಯರ ಮನೆಗೆ ಫೋನು ಬಂತೆಂದು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಿದ್ದಾಗಿತ್ತು. ಆಮೇಲೆ ದಿನಾ ಸಾಲಿ ಬಿಡುವ ಹೊತ್ತಿಗೆ ಅದು ಒದರತೊಡಗಿತು. ಎತ್ತಿದರೆ, "ಕರೆಂಟಿನ ಕಂಬ ಅದಾಳೇನ್ರಿ?" ಎಂದು ಕಿಸಿಕಿಸಿ ನಗು. ಆಮೇಲೆ ಕಟ್!

ಒಂಬತ್ತನೇ ಇಯತ್ತೆಯ ಮಗಳು ಶಿವಕಾಂತಾ ಇಡೀ ಕ್ಲಾಸಿನಲ್ಲಿ ಎತ್ತರದವಳು. ಆ ದನಿ ಗೆಳತಿಯರದೇ ಎಂದು ಗುರುತು ಹತ್ತಿದ ದಿನ ಪಾಟಿಚೀಲ ಮೂಲೆಗೆಸೆದು ಕೌದಿ ಹೊದ್ದು ಮಲಗಿದಳು.

"ಯವ್ವಾ, ನಾ ಇನ್ನ ಸಾಲಿಗಿ ಹೋಗಂಗಿಲ್ಲ."

ಸಾಲಿ ಬಿಟ್ಟ ಹುಡುಗಿಯ ಮನೆಗೆ ವರಗಳು ಬೆಲ್ಲಕ್ಕೆ ನೊಣ ಬಂದಂತೆ ಬರುತ್ತವೆ. ನಾದಿನಿ ಅಂಬುಬಾಯಿ ಆಗಲೇ ಅಫಜಲಪುರದ ಹುಡುಗನೊಬ್ಬನ ಸುದ್ದಿ ತಂದಿದ್ದಳು. ಮಗಳ ಸಾಲಿ ಉಳಿಸಬೇಕೆಂದು ಕಸ್ತೂರಿಬಾಯಿ ಗಂಡನ ಬೆನ್ನು ಹತ್ತಿದಳು.

"ಹೆಡ್‌ಮಾಸ್ತರ ಹತ್ರ ಹೋಗಿ ಸಮಾಧಾನಲೆ ಒಂದ್ ಮಾತ ಹೇಳ್ರಿ."

"ಹುಚ್ಚಿ! ಸಿನಿಮಾದವ್ರು ಟಾಂಗಾಕ್ಕ ಮೈಕ್ ಕಟ್ಟಿ ಥೇಟರ್ ತುಂಬಸಂಗಿಲ್ಲೇನು? ನಾ ಮಂದಿ ತಲಿ ತುಂಬಸ್ತೇನಿ!"

ಮರುದಿನ ಗೌಸಮೊಹಿದ್ದೀನನ ಟಾಂಗಾ ಸಿಂಗಾರವಾಗಿ ಹೊರಟಿತು. ಗಿಡ್ಡ ದೌಲತರಾಯರು ಕರಿ ಟೊಪ್ಪಿಗೆ ಹಾಕಿ ದಂಡಯಾತ್ರೆಗೆ ಹೊರಟ ಬಾದಶಹನಂತೆ ಕುಳಿತು ಮೈಕಿನಲ್ಲಿ ಗರ್ಜಿಸಿದರು:

"ಮಕ್ಕಳ್ರಾ! ನನ್ನ ಮಗಳು ಶಿವಕಾಂತಾಗ ಯಾರೂ ಕರೆಂಟಿನ ಕಂಬ ಅನ್ನಬಾರದು! ಮತ್ತೊಮ್ಮೆ ಹೇಳ್ತೇನಿ, ಕರೆಂಟಿನ ಕಂಬ ಅನ್ನಬಾರದು!"

ಅಡಿಗೆಮನೆಯಲ್ಲಿ ಕಸ್ತೂರಿಬಾಯಿಯ ರೊಟ್ಟಿ ಸೀದುಹೋಯಿತು. ಅಯ್ಯೋ ಬಸವಣ್ಣಾ! ನಾಲ್ಕು ಹುಡುಗಿಯರಿಗಷ್ಟೇ ಗೊತ್ತಿದ್ದ ಹೆಸರು ಈಗ ಬಸ್‌ಸ್ಟ್ಯಾಂಡಿನಿಂದ ಬಜಾರದವರೆಗೆ ಮೆರವಣಿಗೆ ಹೊರಟಿತಲ್ಲ! ಪಕ್ಕದ ಮನೆಯವಳು ಗೋಡೆ ಮೇಲಿಂದ ಇಣುಕಿದಳು: "ಯಕ್ಕಾ, ನಿಮ್ ಶಿವಾಗ ಕಂಬ ಅಂತಾರಂತಲ್ಲ? ನಮಗ ಗೊತ್ತೇ ಇದ್ದಿಲ್ಲ ನೋಡ್ರಿ!"

ಸಾಲಿಯ ಮುಂದೆ ಬಂದಾಗ ಕುದುರೆ ಮೊಂಡು ಹಿಡಿದು ನಿಂತಿತು. ರಾಯರ ಬಾಯಿ ಮಾತ್ರ ನಿಲ್ಲಲಿಲ್ಲ. ಗಂಟೆ ಬಾರಿಸಿ ಹುಡುಗರೆಲ್ಲ ಹೊರಗೆ ಬಂದರೂ "ಕಂಬ, ಕಂಬ" ನಡೆದೇ ಇತ್ತು.

ಆದರೆ ಊರಿಗೊಂದು ರೂಢಿಯಿದೆ. ಬೀದಿಯಲ್ಲಿ ಏನು ಕೂಗುತ್ತೀರೋ ಅದೇ ನಿಮ್ಮ ಹೆಸರು. ಫುಟಾಣಿ ಕೂಗುವವ ಫುಟಾಣಿ ಕಾಕಾ, ಕುಲ್ಫಿ ಕೂಗುವವ ಕುಲ್ಫಿ ಮಾಮಾ. ದಿನವಿಡೀ ಕಂಬ ಕೂಗಿದವರನ್ನು ಬಿಟ್ಟಾರೆಯೇ? "ಕಂಬದ ಕಾಕಾ! ಕಂಬದ ಕಾಕಾ!" ಎಂಬ ಕೂಗಿಗೆ ಬೆಚ್ಚಿ ಕುದುರೆ ರಾಯರ ಮನೆಯ ಕಡೆ ಓಟ ಕಿತ್ತಿತು; ಸಾಲಿಗೆ ಸಾಲಿಯೇ ಟಾಂಗಾದ ಹಿಂದೆ ಓಡಿತು!

ಗದ್ದಲಕ್ಕೆ ಶಿವಕಾಂತಾ ಕೌದಿ ಸರಿಸಿ ಕಿಟಕಿಗೆ ಬಂದಳು. ಟೊಪ್ಪಿಗೆ ಹಿಡಿದುಕೊಂಡು ಟಾಂಗಾದಲ್ಲಿ ಕುಪ್ಪಳಿಸುತ್ತಿದ್ದ ಕುಳ್ಳ ಕಂಬವನ್ನು ಕಂಡು ಫಕ್ಕನೆ ನಕ್ಕಳು. ಫೋನು ಮಾಡುತ್ತಿದ್ದ ಹುಡುಗಿಯರೇ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಏ ಶಿವಾ, ನಿಮ್ಮಪ್ಪ ಭಾರಿ ಅದಾನ್ ಬೇ! ನಾವು ಅಂದದ್ದು ತಪ್ಪಾತು. ನಾಳಿ ಬಾ."

ಕಸ್ತೂರಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳ ನಗು ಕೇಳಿ ಎಷ್ಟು ದಿನವಾಗಿತ್ತು!

ಹಿಂದೆಯೇ ದೌಲತರಾಯರು ಒಳಗೆ ಬಂದು ಬಾಗಿಲು ಹಾಕಿ ಕುಸಿದು ಕುಳಿತರು.

"ಕಸ್ತೂರಿ, ಊರ ಮಂದೆಲ್ಲ ನನಗ ಕಂಬ ಅನ್ನಾಕತ್ತಾರ! ನಾ ಇನ್ನ ಅಂಗಡಿಗಿ ಹೋಗಂಗಿಲ್ಲ!"

ಪಾಟಿಚೀಲದ ಧೂಳು ಜಾಡಿಸುತ್ತಿದ್ದ ಮಗಳು ತಂದೆಯ ಬೆನ್ನು ಸವರಿದಳು.

"ಮಂದಿ ಅಂದ್ರಂತ ಅಂಗಡಿ ಬಿಡ್ತಾರೇನು, ಯಪ್ಪಾ? ಅಂಜಬ್ಯಾಡ. ನಾಳಿ ಸಾಲಿಗಿ ಹೋಗೂ ಮುಂದ ನಾನೇ ಕೈ ಹಿಡಕೊಂಡು ನಿನ್ನ ಅಂಗಡಿಗಿ ಬಿಟ್ಟ ಹೋಗ್ತೇನಿ!"