ಚಂದ್ರಿ ಹಾಕಿದ ಸುತ್ತು

ಒಂದು ಮಾತು ಮೊದಲ ಹೇಳಿಬಿಡ್ತೀನಿ. ಮೆಹದಿಪಟ್ಟಣದಾಗ ನಮ್ಮ ಗಲ್ಲಿಯೊಳಗ ರೋಬೋಟ್ ಕಟ್ಟಿದ ಮೊದಲನೇ ಹೆಣ್ಣಮಗಳು ನಾನು. ಎರಡನೇದಾಕಿ ಇನ್ನೂ ಹುಟ್ಟಿಲ್ಲ!

ಆಗ ಊರಿಗೆ ಊರೇ ಕಂಪ್ಯೂಟರ್ ಹಿಂದ ಬಿದ್ದಿತ್ತು. ಅಮೀರ್‌ಪೇಟಿಗೆ ಹೋದರ ಗ್ವಾಡಿ ಕಾಣಸ್ತಿದ್ದಿಲ್ಲ, ಬರೇ ಕೋಚಿಂಗ್ ಕ್ಲಾಸಿನ ಬೋರ್ಡು. ನಾನೂ ಒಂದು ಕೋರ್ಸ್ ಮುಗಿಸಿದೆ. ನೌಕರಿ ಸಿಗಲಿಲ್ಲ. ಹಂಗಂತ ಕಲಿತ ವಿದ್ಯಾ ಸುಮ್ನ ಕುಂಡ್ರಬೇಕೇನು? ಅಬಿಡ್ಸಿನ ಆಟಿಗಿ ಸಾಮಾನಿನ ಅಂಗಡ್ಯಾಗ ಒಂದು ಡಬ್ಬಿ ಕಣ್ಣಿಗೆ ಬಿತ್ತು. ಒಳಗ ಪ್ಲಾಸ್ಟಿಕ್ ಇಟ್ಟಂಗಿ, ಎರಡು ಮೋಟರು, ಬೆಳಕು ನೋಡೋ ಒಂದು ಕಣ್ಣು, ಕಂಪ್ಯೂಟರಿನಾಗ ಬರದ ಪ್ರೋಗ್ರಾಂ ತುಂಬೋ ಒಂದು ಪೆಟಗಿ. ಅಂಗಡಿಯವ, "ಬಚ್ಚೇ ಕೇ ಲಿಯೇ, ಮೇಡಂ?" ಅಂತ, ಕೂಸಿಗೇನ್ರಿ ಅಂತ ಕೇಳಿದ. ನಾನು ಹಿಂದ ನಿಂತಿದ್ದ ನಮ್ಮನಿಯವರನ್ನ ತೋರಿಸಿದೆ.

ಹಿಂಗ ಹುಟ್ಟಿದಾಕಿ ನಮ್ಮ ಚಂದ್ರಿ. ಬೆಕ್ಕಿನ ಮರಿಯಷ್ಟು ಎತ್ತರ, ಮೂರು ಗಾಲಿ, ತಲಿ ಮ್ಯಾಲೆ ಒಂದು ಸ್ಟೀಲಿನ ತಾಟು. ಡಬ್ಬಿಯ ಪುಸ್ತಕದಾಗ ಬಿಳಿ ಹಾಳಿ ಮ್ಯಾಲೆ ಕರಿ ಗೆರಿ ಹಾಕ್ರಿ, ರೋಬೋಟ್ ಅದನ್ನ ಹಿಡಕೊಂಡು ಹೋಗ್ತದ ಅಂತ ಬರದಿದ್ರು. ನಮ್ಮ ಮನ್ಯಾಗ ಬಿಳಿ ನೆಲ ಎಲ್ಲಿಂದ ತರೋದು? ಶಹಾಬಾದ ಕಲ್ಲು, ಕರ್ರಗ. ನಾನು ಪ್ರೋಗ್ರಾಂ ಉಲ್ಟಾ ಬರದೆ. ಕರಿ ನೆಲದ ಮ್ಯಾಲೆ ಬಿಳಿ ಗೆರಿ ಹಿಡಿ, ಗೆರಿ ಮುಗಿದಲ್ಲಿ ನಿಲ್ಲು, ನಿಂತು ವಾಲಗದ ಧಾಟಿಯೊಳಗ ಪೀಂ ಪೀಂ ಊದು. ಗೆರಿಗೆ ಟೇಪು ಗೀಪು ಯಾಕ? ರಂಗೋಲಿ ಪುಡಿ ಸಾಕು!

"ಭಾಳ ಶಾಣ್ಯಾಕಿ ಬಿಡು," ಅಂದ್ರು ನಮ್ಮನಿಯವರು. ಹೊಗಳಿದ್ರೋ ಬೈದ್ರೋ ಇವತ್ತಿಗೂ ಗೊತ್ತಿಲ್ಲ.

ಅದ ವ್ಯಾಳ್ಯಾದಾಗ, ಅವ್ವನ ಜೋಡಿ ನಮ್ಮ ಮನ್ಯಾಗ ಇದ್ದ ನನ್ನ ತಂಗಿ ಸುಧಾನ್ನ ನೋಡಾಕ ಗಂಡಿನ ಕಡಿಯವರು ಬರತೀವಿ ಅಂದ್ರು. ಹುಡುಗನ ಹೆಸರು ಪ್ರಕಾಶ, ಸಾಫ್ಟ್‌ವೇರ್ ಇಂಜಿನಿಯರು. ಹಿಂದ ಬಂದ ಗಂಡುಗಳಿಗೆ ಮಾರಿ ತಿರುವಿದ್ದ ಸುಧಾ, ಇವನ ಫೋಟೋ ಮಾತ್ರ ದಿಂಬಿನ ಕೆಳಗ ಇಟ್ಟಕೊಂಡಿದ್ಳು.

"ಅಕ್ಕಾ, ಈ ಹುಡುಗ ನನ್ನ ಮನಸ್ಸಿಗೆ ಬಂದಾನ. ಕೈ ಮುಗೀತೀನಿ, ನೀ ಏನೂ ಮಾಡಬ್ಯಾಡ."

"ಅವ ಇಂಜಿನಿಯರ್ ಅದಾನ, ಹುಚ್ಚಿ! ಚಹಾ ಚಂದ್ರಿ ಒಯ್ದು ಕೊಟ್ಟರ ಅಲ್ಲೇ ಹೂಂ ಅಂತಾನ."

ಸುಧಾ ನನ್ನ ಮಾರಿ ನೋಡಿ ಅವ್ವನ ಕಡೆ ಓಡಿದ್ಳು. ಅವ್ವ ಉಪ್ಪಿಟ್ಟಿಗೆ ರವಾ ಹುರಿಯೋದ್ರಾಗ ಇದ್ಳು, ಆಕಿ ಮಾತು ಕಿವಿಗೆ ಹಾಕ್ಕೊಳ್ಳಲಿಲ್ಲ.

ಆ ದಿನ ಬೆಳಿಗ್ಗೆ ಅಡಿಗಿಮನಿಯಿಂದ ಪಡಸಾಲಿ ತನಕ ನಾನ ಸ್ವಂತ ಕೈಲೆ ಗೆರಿ ಎಳದೆ. ಒಳಗ ಬಂದು ಚಂದ್ರಿಗೆ ಅರಿಷಿಣ ಕುಂಕುಮ ಹಚ್ಚಿದೆ. ಯಂತ್ರಕ್ಕ ಪೂಜಾ ಮಾಡದ ನಡಸಬಾರದು ನೋಡ್ರಿ! ಮ್ಯಾಲೆ ಒಂದು ಕೆಂಪು ಜರಿ ಖಣದ ತುಂಡು ಹೊಚ್ಚಿ, ಮಲ್ಲಿಗಿ ದಂಡಿ ಸುತ್ತಿದೆ. ನನ್ನ ದೃಷ್ಟಿನ ತಾಗೂ ಹಂಗ ಕಾಣಸ್ತಿದ್ಳು.

ಅಷ್ಟರಾಗ ಬೀಗರಾಗೋರು ಬಂದ್ರು. ಹುಡುಗ, ಅವನ ತಾಯಿ ತಂದಿ, ಮತ್ತ ಅವನ ಅಜ್ಜಿ. ನಮ್ಮವ್ವಗ ಗಂಡು ಅಂದರ ಮಣಿ ಮ್ಯಾಲೇ ಕುಂಡ್ರಬೇಕು. ಮಣಿ ಹಾಕಿದ್ಳು, ರೂಢಿ ಪ್ರಕಾರ ಅದರ ಸುತ್ತ ರಂಗೋಲಿ ಎಳದ್ಳು. ನನ್ನ ಗೆರಿ ಮಣಿಗೆ ಮುಟ್ಟದ ಚೂರು ಗಿಡ್ಡ ಕಾಣಸ್ತಂತ, ಪಾಪ, ಅದನ್ನೂ ಎಳದು ರಂಗೋಲಿಗೆ ಕೂಡಿಸಿಬಿಟ್ಳು! ಒಳಗಿದ್ದ ನನಗ ಇದ್ಯಾವುದೂ ಗೊತ್ತಿಲ್ಲ.

ಚಂದ್ರಿ ತಲಿ ಮ್ಯಾಲೆ ಚಹಾದ ಗ್ಲಾಸು ಇಟ್ಟು ಬಿಟ್ಟೆ. ಗುರ್ ಅಂತ ಹೊಂಟ್ಳು. ಎಲ್ಲಾರೂ ಬಾಯಿ ತಕ್ಕೊಂಡು ನೋಡಾಕತ್ರು. ನೆಟ್ಟಗ ಹುಡುಗನ ಮುಂದ ಹೋದ್ಳು. ಅವ ಕೈ ಚಾಚಿದ. ಚಂದ್ರಿ ನಿಲ್ಲಲಿಲ್ಲ. ಎಡಕ್ಕ ಹೊಳ್ಳಿ ಮಣಿ ಸುತ್ತ ಹೊಂಟ್ಳು!

"ಇದೇನ್ರಿ, ಹುಡುಗನ್ನ ಸುತ್ತಾಕತ್ತೈತಿ?" ಅಂದ್ರು ಅವನ ತಾಯಿ.

ಅಜ್ಜಿ ಚಷ್ಮಾ ಏರಿಸಿ ಜರಿ, ಕುಂಕುಮ, ದಂಡಿ ಎಲ್ಲಾ ನೋಡಿದ್ರು. "ಎರಡಾತು... ಮೂರಾತು... ಅಯ್ಯ, ಏಳಾದರ ಲಗ್ನ ಆದಂಗ! ಹಿಡೀರಿ ಆಕಿನ್ನ!"

ಹಿಡಿಯೋದು ಹೆಂಗ? ಬಂದ್ ಮಾಡೋ ಗುಂಡಿ ತಾಟಿನ ಕೆಳಗೈತಿ. ತಾಟಿನ ಮ್ಯಾಲೆ ಕುದಿ ಚಹಾ. ಈ ವ್ಯವಸ್ಥೆಯ ವಿನ್ಯಾಸಕಿಯೂ ನಾನೇ! ನಮ್ಮನಿಯವರು ಧೈರ್ಯ ಮಾಡಿ ಕೈ ಹಾಕಿದ್ರು, ಚಹಾ ತುಳುಕಿ "ಅಬಬಬಾ" ಅಂತ ಹಿಂದಕ್ಕ ಬಂದ್ರು. ಹುಡುಗ ಮೊಣಕಾಲು ಎದಿಗೆ ಒತ್ತಿಕೊಂಡು ಮುದ್ದಿಯಾಗಿ ಕುಂತಿದ್ದ.

"ಯಾರೂ ಗಾಬರಿ ಆಗಬಾರದು," ಅಂತ ಘೋಷಣೆ ಮಾಡಿದೆ. "ಪ್ರೋಗ್ರಾಂ ಬರೋಬ್ಬರಿ ಐತಿ!"

ಐತಿ ಮತ್ತ! ರಂಗೋಲಿಯ ಒಂದು ಬಳುಕೂ ತಪ್ಪಲಿಲ್ಲ ನನ್ನ ಚಂದ್ರಿ. ಹೆಮ್ಮಿಗೆ ನನ್ನ ಎದಿ ಉಬ್ಬಿಬಂತು. ತಿರುಗಿ ನೋಡಿದರ ಅಡಿಗಿಮನಿ ಬಾಗಿಲದಾಗ ಸುಧಾ ನಿಂತಿದ್ಳು, ಕಣ್ಣ ತುಂಬ ನೀರು.

"ಆರಾತು!" ಅಂತ ಅಜ್ಜಿ ಚೀರಿದ್ರು.

ಸುಧಾ ನೀರಗಿ ಎತ್ತಿ ಸೊಂಟಕ್ಕ ಸಿಗಿಸಿಕೊಂಡು ದಡದಡ ಬಂದ್ಳು. ಚಂದ್ರಿ ಮುಂದಿನ ರಂಗೋಲಿನ ಹಿಮ್ಮಡದಿಂದ ಉಜ್ಜಿ ಅಳಿಸಿಬಿಟ್ಳು. ಚಂದ್ರಿ ಅತ್ತ ಇತ್ತ ತಡಕಾಡಿ ಗಪ್ಪನ ನಿಂತ್ಳು, ಹುಡುಗನ ಎದುರಿಗೇ. ಗೆರಿ ಮುಗೀತಲ್ಲ? ವಾಲಗ ಊದಿದ್ಳು!

ವಾಲಗ ಕೇಳಿದ್ದ ತಡ, ರೂಢಿಯ ಕೈ ನೋಡ್ರಿ, ಅಜ್ಜಿ ತಿನ್ನಾಕ ಅಂತ ಕೈಯಾಗ ಹಿಡದಿದ್ದ ಚುರುಮುರಿ ಅಕ್ಷತಿಯಂಗ ಎಸದೇ ಬಿಟ್ರು! ಬಿದ್ದದ್ದು ಹುಡುಗನ ತಲಿ ಮ್ಯಾಲೆ, ಅವನ ಮುಂದ ನಿಂತಿದ್ದ ಸುಧಾನ ತಲಿ ಮ್ಯಾಲೆ.

ಪ್ರಕಾಶ ಹೊಟ್ಟಿ ಹಿಡಕೊಂಡು ನಕ್ಕ. "ನಮ್ಮ ಆಫೀಸಿನಾಗ ಇಂಥಾ ತಪ್ಪು ತಿದ್ದಾಕ ಮೀಟಿಂಗ್ ಮ್ಯಾಲೆ ಮೀಟಿಂಗ್ ಮಾಡ್ತೀವ್ರಿ. ಇವರು ಹಿಮ್ಮಡದಾಗ ಮುಗಿಸಿದ್ರು!" ಅಂದ. ಉಳಿದಿದ್ದ ಅರ್ಧ ಗ್ಲಾಸು ಚಹಾ ತಾನ ಎತ್ತಿಕೊಂಡು ಕುಡದ. ಅಲ್ಲೇ ಹೂಂ ಅಂದ. ಸುಧಾ ಒಳಗ ಬಂದು ಮೊದಲು ನನ್ನ ಚಿವುಟಿದ್ಳು, ಆಮ್ಯಾಲೆ ತೆಕ್ಕಿಬಿದ್ದು ಅತ್ಲು.

ಸಿಕಂದರಾಬಾದಿನ ಕಲ್ಯಾಣ ಮಂಟಪದಾಗ ಲಗ್ನ. ಈ ಸಂಬಂಧ ಕೂಡಿಸಿದ ಚಂದ್ರಿ ಬ್ಯಾಡೇನು? ಚೀಲದಾಗ ಇಟಗೊಂಡು ಹೋದೆ. ಬಾಗಿಲದಾಗ ಅಜ್ಜಿ ತಡದ್ರು.

"ಹಿರೇ ಹೆಂಡತಿ ಬಂದಾಳೇನು? ಆಕಿದು ಒಂದ ಸುತ್ತು ಬಾಕಿ ಐತಿ, ಕೆಳಗಿಳಿಸಬ್ಯಾಡ!" ಚಂದ್ರಿಯ ಸೆಲ್ಲು ಬಿಚ್ಚಿ ತಮ್ಮ ಸೊಂಟದ ಚೀಲದಾಗ ಹಾಕ್ಕೊಂಡ ಮ್ಯಾಲೇನ ನಮ್ಮನ್ನ ಒಳಗ ಬಿಟ್ಟದ್ದು.

ಆದರೂ ಸೆಟದು ನಡದೆ. ಲಗ್ನ ಆದಮ್ಯಾಲೆ ಪ್ರಕಾಶ ಬಂದು ನನ್ನ ಕಾಲಿಗೆ ಬಿದ್ದ. ಇಂಜಿನಿಯರ್ ಇಂಜಿನಿಯರಿಗೆ ಕೊಡೋ ಗೌರವ ಅಂತ ತಿಳದು ತಲಿ ಮುಟ್ಟಿದೆ.

"ಆಶೀರ್ವಾದ ಮಾಡ್ರಿ, ಅತ್ತಿ," ಅಂದ.

"ಅತ್ತಿ? ನಾನು ನಿಮ್ಮ ಹೆಂಡತಿ ಅಕ್ಕ ಅದೀನ್ರೀ!"

"ಚಂದ್ರಿ ನನ್ನ ಹಿರೇ ಹೆಂಡತಿ ಅಂದಮ್ಯಾಲೆ, ಆಕಿನ್ನ ಹಡದವರು ನನಗ ಅತ್ತಿನ ಅಲ್ಲೇನ್ರಿ?"

ಇಡೀ ಮಂಟಪ ನಕ್ಕಿತು. ಎಲ್ಲಾರಿಗಿಂತ ಜೋರು ನಕ್ಕವರು ನಮ್ಮನಿಯವರು. ಅವತ್ತಿನಿಂದ ಆ ಮನ್ಯಾಗ ಸಣ್ಣವರಿಂದ ದೊಡ್ಡವರ ತನಕ ಎಲ್ಲಾರೂ ನನ್ನನ್ನ ಪ್ರಕಾಶನ ಅತ್ತಿ ಅಂತನ ಕರೀತಾರ. ಗಲ್ಲಿಯ ಮೊದಲನೇ ರೋಬೋಟ್ ಇಂಜಿನಿಯರು, ಈಗ ಅಳಿಯನ ಲೆಕ್ಕದಾಗ ನಾನೂ ನಮ್ಮವ್ವನೂ ಓರಗೆಯವರು!