ಡಬ್ಬಿಯ ಮೇಲಿನ ನಾಲ್ಕು

ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಡಿಸ್ಕವರಿ ಗಾರ್ಡನ್ಸ್‌ನ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಬೀಫಾತಿಮ ಕನ್ನಡಕ ಹಾಕಿಕೊಂಡು ಒಂದು ಡಬ್ಬಿಯನ್ನು ಓದುತ್ತಿದ್ದರು.

ಡಬ್ಬಿ ಅವರ ಮಗ ಅನ್ಸಿಫ್ ತಂದದ್ದು. ಮಕ್ಕಳ ಆಹಾರ ಮಾರುವ ಕಂಪನಿಯೊಂದರಲ್ಲಿ ಅವನು ಸೇಲ್ಸ್‌ಮನ್. ಅಂಥ ನಲವತ್ತು ಡಬ್ಬಿಗಳನ್ನು ಹಿಂದಿನ ಸಂಜೆ ಸೋಫಾದ ಪಕ್ಕ ಗೋಡೆಯಂತೆ ಪೇರಿಸಿಟ್ಟಿದ್ದ. ಡಬ್ಬಿಯ ಮೇಲೆ ಇಂಗ್ಲಿಷಿತ್ತು, ಅರಬಿಯಿತ್ತು. ಬೀಫಾತಿಮರಿಗೆ ಇಂಗ್ಲಿಷ್ ಬಾರದು. ಅರಬಿ ಓದಲು ಬರುತ್ತದೆ, ಅರ್ಥವಾಗುವುದಿಲ್ಲ. ಆದರೆ ನಗುವ ಮಗುವಿನ ಚಿತ್ರದ ಪಕ್ಕದಲ್ಲಿ ಕೈಯಗಲ ಅಚ್ಚಾಗಿದ್ದ ನಾಲ್ಕರ ಅಂಕಿ ಅರ್ಥವಾಗಲು ಭಾಷೆ ಬೇಕಿರಲಿಲ್ಲ.

“ಮೋನೆ, ಈ ನಾಲ್ಕು ಎಂತದು?”

ಶರ್ಟಿನ ಗುಂಡಿ ಹಾಕುತ್ತಿದ್ದ ಅನ್ಸಿಫ್ ಎರಡನೇ ಗುಂಡಿಯಲ್ಲೇ ನಿಂತ. “ಅದೊಂದು ನಂಬರು, ಉಮ್ಮ.”

“ಎಂತರ ನಂಬರು? ಬಸ್ಸಿನದಾ?”

“ನಾಲ್ಕು ತಿಂಗಳಿಂದ ಮಗುವಿಗೆ ಕೊಡಬಹುದು ಅಂತ.”

ಬೀಫಾತಿಮ ಡಬ್ಬಿಯನ್ನು ಎರಡೇ ಬೆರಳಲ್ಲಿ ಹಿಡಿದು, ಒಳಗೆ ಚೇಳಿದೆಯೇನೋ ಎಂಬಂತೆ ಟೀಪಾಯಿಯ ಮೇಲಿಟ್ಟರು. “ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು. ಒಂದು ಚಮಚ ನೀರೂ ಬೇಡ. ಆಮೇಲೆ ಊಟ, ಜೊತೆಗೆ ಎರಡು ವರ್ಷದವರೆಗೂ ಹಾಲು.”

ಇದನ್ನು ಅವರು ಕಲಿತದ್ದು ಇಪ್ಪತ್ತಾರು ವರ್ಷದ ಹಿಂದೆ, ಉಳ್ಳಾಲದ ಕಡೆಯ ಒಂದು ಅಂಗನವಾಡಿಯಲ್ಲಿ. ಶಿಶು ಆಹಾರದ ಒಂದು ಕಾರ್ಯಕ್ರಮ ಊರಿಗೆ ಬಂದು, ಪ್ರತಿ ಓಣಿಗೆ ಒಬ್ಬ ತಾಯಿಯನ್ನು ಆರಿಸಿ ತರಬೇತಿ ಕೊಟ್ಟಿತ್ತು. ಎರಡು ವರ್ಷಕ್ಕೆ ಅನುದಾನ ಮುಗಿದು ಕಾರ್ಯಕ್ರಮ ನಿಂತಿತು. ಬೀಫಾತಿಮ ನಿಲ್ಲಲಿಲ್ಲ. ಹೆರಿಗೆಯಾದ ಮನೆಗೆಲ್ಲ ಕರೆಯದಿದ್ದರೂ ಹೋದರು. ಜೇನು ನೆಕ್ಕಿಸಲು ಬಂದ ಅತ್ತೆಯರನ್ನು ಬಾಗಿಲಲ್ಲೇ ತಡೆದರು.

“ಉಮ್ಮ, ಇವತ್ತು ಒಂದು ದಿನ ಸುಮ್ಮನಿರಿ,” ಅನ್ಸಿಫ್ ಕೈಮುಗಿಯುವುದೊಂದು ಬಾಕಿ. “ಇವತ್ತಿಗೆ ನನ್ನ ನಾಲ್ಕು ತಿಂಗಳ ಪ್ರೊಬೇಶನ್ ಮುಗಿಯುತ್ತೆ. ಸಂಜೆ ಮೇಡಂ ಇಲ್ಲಿಗೇ ಬರ್ತಾರೆ. ಇಪ್ಪತ್ತು ತಾಯಂದಿರು ಸ್ಯಾಂಪಲ್ ಫಾರ್ಮಿಗೆ ಸಹಿ ಹಾಕಿದ್ರೆ ನಾನು ಪರ್ಮನೆಂಟ್. ಪರ್ಮನೆಂಟ್ ಆದ್ರೆ ಮಾತ್ರ ಜಸೀನಾಗೆ, ಹಫ್ಸಾಗೆ ಫ್ಯಾಮಿಲಿ ವೀಸಾ. ಇಲ್ಲದಿದ್ರೆ ವಿಸಿಟ್ ವೀಸಾ ಮುಗಿದು ಮುಂದಿನ ವಾರ ಇಬ್ಬರೂ ಊರಿಗೆ.”

ಹೆಂಡತಿ ಜಸೀನಾ ಮಗಳು ಹಫ್ಸಾಗೆ ಹಾಲು ಕೊಡುತ್ತಾ ಒಳಗಿನ ಕೋಣೆಯಿಂದಲೇ ಕೂಗಿದಳು: “ಮಾಮಿ, ಒಂದು ದಿನ!”

“ನಾನಾಗಿ ಎಂತ ಹೇಳುದಿಲ್ಲ,” ಎಂದರು ಬೀಫಾತಿಮ.

“ಯಾರಾದ್ರೂ ಕೇಳಿದ್ರೆ?”

“ಕೇಳಿದ ಮೇಲೆ ಹೇಳದೆ ಇರ್ಲಿಕ್ಕೆ ಆಗ್ತದಾ?”

ಅನ್ಸಿಫ್ ಓಡಿದ್ದು ಎದುರು ಫ್ಲ್ಯಾಟಿನ ಪುರಂದರರ ಬಳಿಗೆ. ಪುರಂದರರಿಗೆ ಜೆಬೆಲ್ ಅಲಿಯಲ್ಲಿ ರಾತ್ರಿ ಪಾಳಿ. ಹಗಲು ಮಲಗುವ ಬದಲು ಇಡೀ ಕಟ್ಟಡದ ಕಾರುಬಾರು ನೋಡುತ್ತಿದ್ದರು. ಕಟ್ಟಡದ ವಾಟ್ಸಾಪ್ ಗ್ರೂಪಿಗೆ ಅವರೇ ಅಡ್ಮಿನ್.

“ಪುರಂದರಣ್ಣ, ಎರಡು ಉಪಕಾರ ಆಗ್ಬೇಕು. ಸಂಜೆ ನಾಲ್ಕಕ್ಕೆ ನಮ್ಮನೆಯಲ್ಲಿ ಸ್ಯಾಂಪಲ್ ಕೊಡ್ತೇವೆ ಅಂತ ಗ್ರೂಪಿಗೆ ಹಾಕಿ. ಮತ್ತೆ ಉಮ್ಮನಿಗೆ ಬುರ್ಜ್ ಖಲೀಫಾ ತೋರಿಸಿಕೊಂಡು ಬನ್ನಿ. ಆರು ಗಂಟೆಯ ಒಳಗೆ ದಯವಿಟ್ಟು ವಾಪಸ್ ಬರ್ಬೇಡಿ.”

“ಅಷ್ಟೇಯಾ? ಯಲ್ಲಾ, ಆಯ್ತು ಅಂತ ತಿಳ್ಕೊ,” ಎಂದರು ಪುರಂದರ.

ಹನ್ನೊಂದು ನಲವತ್ತಕ್ಕೆ ಅಲ್ ಕೂಝ್‌ನ ಒಂದು ಗ್ರೋಸರಿಯಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದ ಅನ್ಸಿಫ್‌ಗೆ ಜಸೀನಾಳ ಫೋನ್ ಬಂತು.

“ಮಾಮಿ ಲಿಫ್ಟಿನಲ್ಲಿದ್ದಾರೆ.”

“ಲಿಫ್ಟ್ ಕೈಕೊಟ್ಟಿತಾ?”

“ಲಿಫ್ಟ್ ಸರಿ ಉಂಟು. ಮಾಮಿಯೇ ಇಳಿಯುದಿಲ್ಲ.”

ಆದದ್ದಿಷ್ಟು. ಒಂಬತ್ತೂವರೆಗೆ ಬೀಫಾತಿಮ ಹೊಸ ಚಪ್ಪಲಿ ಮೆಟ್ಟಿ ಪುರಂದರರ ಜೊತೆ ಲಿಫ್ಟ್ ಹತ್ತಿದ್ದರು. ಒಳಗೆ ನಾಲ್ಕನೇ ಮಹಡಿಯ ಮುಹ್ಸಿನಾ ಮೂರು ತಿಂಗಳ ಮಗುವಿನ ಬಾಯಿಗೆ ನೀರಿನ ಬಾಟಲಿ ಹಿಡಿದಿದ್ದಳು. ಬೀಫಾತಿಮ ಮಾತು ಉಳಿಸಿಕೊಂಡು ಬಾಯಿಬಿಡಲಿಲ್ಲ. ಕಣ್ಣು ಮಾತ್ರ ಬಿಟ್ಟರು. ಮುಹ್ಸಿನಾಳೇ ಕೇಳಿದಳು: “ಎಂತಾಯ್ತು ಉಮ್ಮ? ಈ ಸೆಕೆಗೆ ನೀರು ಕೊಡ್ಬಾರ್ದಾ?”

ಕೇಳಿದ್ದೇ ತಡ. “ಹಾಲಿನಲ್ಲೇ ಬೇಕಾದಷ್ಟು ನೀರುಂಟು ಮಗಳೇ. ಸೆಕೆಗೆ ಇನ್ನೆರಡು ಸಲ ಹಾಲು ಕೊಡು. ನೀರು ಕುಡಿಸಿ ಹೊಟ್ಟೆ ತುಂಬಿದ್ರೆ ಮಗು ಹಾಲಿಗೆ ಬಾಯಿ ಹಾಕ್ತದಾ?” ಅಷ್ಟರಲ್ಲಿ ಮೂರನೇ ಮಹಡಿಯ ದೀಪ್ತಿ ಹತ್ತಿದಳು. ಆಮೇಲೆ ಇನ್ನಿಬ್ಬರು. ಲಿಫ್ಟ್ ಮೇಲೆ ಕೆಳಗೆ ಹೋಗುವ ಅಂಗನವಾಡಿಯಾಯಿತು.

ಅನ್ಸಿಫ್ ಬೆವರು ಸುರಿಸುತ್ತಾ ಬಂದು ತಲುಪಿದಾಗ ಪುರಂದರರು ಲಾಬಿಯಲ್ಲಿ ಕುಳಿತು ಫೋನು ಒತ್ತುತ್ತಿದ್ದರು.

“ಬುರ್ಜ್ ಖಲೀಫಾ ಏನಾಯ್ತು ಪುರಂದರಣ್ಣ?”

“ಅದು ಎಲ್ಲಿಗೂ ಓಡಿ ಹೋಗುದಿಲ್ಲ ಮಾರಾಯ. ನಿನ್ನ ಅಮ್ಮ ಅಂದ್ರೆ ಯೂನಿವರ್ಸಿಟಿ! ನೋಡು, ಗ್ರೂಪಿಗೆ ಹಾಕಿದ್ದೇನೆ.”

ಅನ್ಸಿಫ್ ನೋಡಿದ: ‘ಇಂದು ಸಂಜೆ 4ಕ್ಕೆ ಅನ್ಸಿಫ್ ಅವರ ಮನೆಯಲ್ಲಿ ಸ್ಯಾಂಪಲ್ ವಿತರಣೆ. ಊರಿನ ಖ್ಯಾತ ಶಿಶು ಆಹಾರ ತಜ್ಞೆ ಬೀಫಾತಿಮ ಅವರಿಂದ ಮಾಹಿತಿ. ಎಲ್ಲರೂ ಬನ್ನಿ. ಚಹಾ ಉಂಟು.’

“ಎರಡನ್ನೂ ಒಟ್ಟಿಗೇ ಹಾಕಿಬಿಟ್ರಾ?”

“ಮತ್ತೆ? ಬರೀ ಡಬ್ಬಿಗೆ ಯಾರು ಬರ್ತಾರೆ?”

ಸಂಜೆ ನಾಲ್ಕಕ್ಕೆ ಇಪ್ಪತ್ತಾರು ತಾಯಂದಿರು, ಇಪ್ಪತ್ತೇಳು ಮಕ್ಕಳು. ಅವಳಿ ಮಕ್ಕಳಿಬ್ಬರು ಒಬ್ಬರಿಗೊಬ್ಬರು ಸ್ಪರ್ಧೆಯ ಮೇಲೆ ಅಳುತ್ತಿದ್ದರು. ಪುರಂದರರ ಹೆಂಡತಿ ಲೋಲಾಕ್ಷಿ ಚಹಾ ಹಂಚುತ್ತಾ, ಕೇಳದವರಿಗೂ “ಸಕ್ಕರೆ ಕಮ್ಮಿಯಾ?” ಎನ್ನುತ್ತಿದ್ದರು. ಖಾಲಿ ಫಾರ್ಮು ಹಿಡಿದ ಅನ್ಸಿಫ್ ಜಾತ್ರೆಯಲ್ಲಿ ಕೈತಪ್ಪಿದ ಕೂಸಿನಂತೆ ಮೂಲೆಯಲ್ಲಿ ನಿಂತಿದ್ದ.

ಬೀಫಾತಿಮರು ಪಾಠ ಹೇಳುತ್ತಿದ್ದರು. ಮಗುವನ್ನು ಎದೆಗೆ ಹೇಗೆ ಹಿಡಿಯಬೇಕೆಂದು ತೋರಿಸಲು ಗೊಂಬೆ ಬೇಕಿತ್ತು. ಗೊಂಬೆ ಇರಲಿಲ್ಲ. ಕೈಗೆ ಸಿಕ್ಕಿದ ಡಬ್ಬಿಯೊಂದಕ್ಕೆ ಟವೆಲ್ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು. “ತಲೆ, ಬೆನ್ನು ಒಂದೇ ಗೆರೆಯಲ್ಲಿರ್ಬೇಕು. ಹೊಟ್ಟೆಗೆ ಹೊಟ್ಟೆ ತಾಗ್ಬೇಕು. ನೋಡಿ.”

ನಾಲ್ಕರ ಅಂಕಿ ಟವೆಲಿನಿಂದ ಇಣುಕುತ್ತಿತ್ತು. ಆಗಲೇ ಬಾಗಿಲ ಗಂಟೆ ಸದ್ದು ಮಾಡಿತು. ಉಡುಪಿಯ ಅಮಿತಾ ಮೇಡಂ, ಅನ್ಸಿಫ್‌ನ ಮ್ಯಾನೇಜರ್.

“ಮೇಡಂ, ಒಳಗೆ ಎಸಿ ಹಾಳಾಗಿದೆ,” ಎಂದ ಅನ್ಸಿಫ್ ಬಾಗಿಲಿಗಡ್ಡ ನಿಂತು.

“ನನ್ನ ಕಾರಿನದೂ ಹಾಳಾಗಿದೆ. ಸರಿಯಪ್ಪ ಆಚೆ.”

ಅಮಿತಾ ಒಳಗೆ ಬಂದರು. ತಮ್ಮ ಕಂಪನಿಯ ಡಬ್ಬಿಯೊಂದು ಟವೆಲ್ ಹೊದ್ದು ಬೀಫಾತಿಮರ ಮಡಿಲಲ್ಲಿ ಮಲಗಿದ್ದನ್ನು ನೋಡಿದರು. ಹಿಂದಿನ ಕುರ್ಚಿಯಲ್ಲಿ ಕುಳಿತರು. ಹತ್ತು ನಿಮಿಷ ಕೇಳಿದರು. ಅನ್ಸಿಫ್‌ನ ಕಣ್ಣೆದುರು ಜಸೀನಾ, ಹಫ್ಸಾ, ಅವರ ಎರಡು ಪೆಟ್ಟಿಗೆಗಳು ವಿಮಾನ ಹತ್ತಿಯಾಗಿತ್ತು.

“ಫಾರ್ಮ್ ಎಲ್ಲಿ?” ಎಂದರು ಅಮಿತಾ.

“ಮೇಡಂ, ಇನ್ನೂ...”

“ಇಲ್ಲುಂಟು ಮಗಳೇ,” ಬೀಫಾತಿಮ ಕುಳಿತಿದ್ದ ದಿಂಬಿನಡಿಯಿಂದ ಒಂದು ಕಟ್ಟು ಎಳೆದು ಕೊಟ್ಟರು. “ಮಗನ ಕೆಲಸ ಹಾಳು ಮಾಡ್ಲಿಕ್ಕೆ ನಾನು ಬಂದವಳಲ್ಲ. ಲಿಫ್ಟಿನಲ್ಲೇ ಜಸೀನಾ ಹತ್ರ ಬರೆಸಿದ್ದೇನೆ. ಎಲ್ಲರ ಸಹಿ ಉಂಟು. ಆದ್ರೆ ಡಬ್ಬಿ ಈಗ ಕೊಡ್ಬಾರ್ದು. ಯಾವ ಮಗುವಿಗೆ ಯಾವತ್ತು ಆರು ತಿಂಗಳು ತುಂಬ್ತದೋ ಆ ತಾರೀಕು ಪಕ್ಕದಲ್ಲುಂಟು.”

ಇಪ್ಪತ್ತಾರು ಫಾರ್ಮು. ಹೆಸರು, ಫ್ಲ್ಯಾಟ್ ನಂಬರು, ಹುಟ್ಟಿದ ದಿನ, ಮಗುವಿನ ತೂಕ.

ಅಮಿತಾ ಪುಟ ತಿರುವುತ್ತಾ ಹೋದರು. “ಅನ್ಸಿಫ್, ನಾಲ್ಕು ವರ್ಷದಲ್ಲಿ ಇಷ್ಟು ಚೊಕ್ಕ ಪಟ್ಟಿ ಒಬ್ಬನೂ ತಂದಿಲ್ಲ. ನೀನು ಪರ್ಮನೆಂಟ್! ನಾಳೆ ಹತ್ತಕ್ಕೆ ಆಫೀಸಿಗೆ ಬಾ, ಸಹಿ ಹಾಕಿ ಕೊಡ್ತೇನೆ.”

ಪುರಂದರ ಚಪ್ಪಾಳೆ ಹೊಡೆದರು. ಲೋಲಾಕ್ಷಿ ಇನ್ನೊಂದು ಸುತ್ತು ಚಹಾಕ್ಕೆ ನೀರಿಟ್ಟರು. ಅನ್ಸಿಫ್ ತಾಯಿಯನ್ನು ತಬ್ಬಿ ಎತ್ತಿಯೇಬಿಟ್ಟ. ಡಬ್ಬಿ ಉರುಳಿ ಸೋಫಾದಡಿ ಸೇರಿತು.

“ಇಳಿಸು ಮೋನೆ, ಸೊಂಟ!” ಎಂದ ಬೀಫಾತಿಮ ಕೆಳಗಿಳಿದವರೇ ಅಮಿತಾರ ಚೀಲದಿಂದ ಇಣುಕುತ್ತಿದ್ದ ಹಾಲಿನ ಪಂಪನ್ನು ನೋಡಿದರು. “ಮಗಳೇ, ನಿನಗೂ ಮಗು ಉಂಟಲ್ಲ? ಎಷ್ಟು ತಿಂಗಳು?”

ಅಮಿತಾರ ಮ್ಯಾನೇಜರ್ ಮುಖ ಒಂದು ಕ್ಷಣ ಕರಗಿತು. “ನಿನ್ನೆಗೆ ನಾಲ್ಕು. ಹಾಲು ಕಮ್ಮಿ ಆಗ್ತಾ ಬಂತು, ಅಮ್ಮ. ಆಫೀಸಿನ ಸ್ಟೋರ್ ರೂಮಿನಲ್ಲಿ ಕೂತು ಪಂಪ್ ಮಾಡ್ತೇನೆ. ಇನ್ನು ಡಬ್ಬಿ ಶುರು ಮಾಡುದು ಅಂತಿದ್ದೆ.”

“ಹಾಲು ಎಲ್ಲಿಗೂ ಹೋಗ್ಲಿಲ್ಲ. ಬಾ ಒಳಗೆ.”

ಒಳಕೋಣೆಯ ಬಾಗಿಲು ಮುಚ್ಚಿತು. ಅರ್ಧ ಗಂಟೆ ಬಿಟ್ಟು ಹೊರಬಂದ ಅಮಿತಾ ಕಣ್ಣೊರೆಸಿಕೊಂಡು, ಯಾರ ಕಡೆಗೂ ನೋಡದೆ ಲಿಫ್ಟಿನತ್ತ ಓಡಿದರು.

ಆರು ನಲವತ್ತಕ್ಕೆ, ಅನ್ಸಿಫ್ ಪಕ್ಕದ ರೆಸ್ಟೋರೆಂಟಿನಿಂದ ಬಿರಿಯಾನಿ ತರಿಸಿ ಪೊಟ್ಟಣ ಬಿಚ್ಚುತ್ತಿದ್ದಾಗ, ಕಂಪನಿಯ ಎಚ್‌ಆರ್‌ನಿಂದ ಇಮೇಲ್ ಬಂತು. ಜಸೀನಾ ಗಟ್ಟಿಯಾಗಿ ಓದಿದಳು.

ಅಮಿತಾ ಮೇಡಂ ಇಂದಿನಿಂದ ಎರಡು ತಿಂಗಳು ಸಂಬಳವಿಲ್ಲದ ರಜೆಯಲ್ಲಿದ್ದಾರೆ. ಅವರ ಸಹಿ ಬೇಕಾದ ಎಲ್ಲ ಕಾಗದಗಳು ಅವರು ಮರಳಿದ ಮೇಲೆ. ಕಾನೂನು ಆರು ತಿಂಗಳ ಪ್ರೊಬೇಶನ್‌ಗೆ ಅವಕಾಶ ಕೊಡುವುದರಿಂದ ಅನ್ಸಿಫ್‌ನ ಪ್ರೊಬೇಶನನ್ನು ಎರಡು ತಿಂಗಳು ವಿಸ್ತರಿಸಲಾಗಿದೆ.

ಅನ್ಸಿಫ್ ಬಿರಿಯಾನಿಯನ್ನೂ ತಾಯಿಯನ್ನೂ ಒಂದರ ನಂತರ ಒಂದು ನೋಡಿದ. “ಉಮ್ಮ, ಒಳಗೆ ಅವರಿಗೆ ಎಂತ ಹೇಳಿದ್ರಿ?”

“ಅವಳು ಕೇಳಿದಳು, ನಾನು ಹೇಳಿದೆ,” ಎಂದರು ಬೀಫಾತಿಮ. “ತುಂಡು ದೊಡ್ಡದು ಜಸೀನಾಗೆ ಹಾಕು. ಹಾಲು ಕೊಡುವವಳು.”

ಜಸೀನಾಳ, ಹಫ್ಸಾಳ, ಬೀಫಾತಿಮರ ವಿಸಿಟ್ ವೀಸಾಗಳನ್ನು ಮೂವತ್ತು ದಿನ ಮುಂದುವರಿಸಲು ಅದೇ ಸಂಜೆ ಅರ್ಜಿ ಹಾಕಲಾಯಿತು.

ಮರುದಿನ ಬೆಳಗ್ಗೆ ಎಂಟೂವರೆಗೆ, ಬೀಫಾತಿಮರನ್ನು ತಮ್ಮ ಮನೆಗೆ ಕರೆತರಲು ಅಮಿತಾ ಮೇಡಂ ಕಳಿಸಿದ ಕಾರು ಕಟ್ಟಡದ ಮುಂದೆ ಬಂದು ನಿಂತಿತು. ಬೀಫಾತಿಮ ಹತ್ತಿ ಹೋದರು. ಅನ್ಸಿಫ್ ಮೆಟ್ರೋದಲ್ಲಿ ಹೋದ.