ಕುರಿ ಹಿಡಿದ ಕೈಗೆ ರಗ್ಬಿ ಚೆಂಡು

ಭಾರತದ ರಗ್ಬಿ ತಂಡಕ್ಕೆ ನಾನು ಏಳು ವರ್ಷ ಕ್ಯಾಪ್ಟನ್ ಆಗಿದ್ದೆ. ಸುಳ್ಳು. ಒಂದು ದಿನವೂ ಆಗಿಲ್ಲ. ಆದರೆ ಮುಂಬಯಿಯ ಒಂದು ಬಟ್ಟೆ ಗಿರಣಿಯ ತಂಡದಲ್ಲಿ ಪಗಾರ ತಗೊಂಡು ಆಡಿದ್ದು ಖರೆ. ಮುದನಾಳದ ಕುರಿಗಾರ ಅಲ್ಲಿಗೆ ಹೆಂಗ ಹೋದ ಅಂತ ಶಹಾಪುರ ಬಸ್ ಸ್ಟ್ಯಾಂಡಿನ ಈ ಚಹಾದಂಗಡಿಯಲ್ಲಿ ದಿನಾ ಒಬ್ಬರಾದರೂ ಕೇಳುತ್ತಾರೆ. ಏನು ಮಾಡಲಿ, ನಾನು ಸುಮ್ಮನೆ ಕೂತರೂ ಇಂಥವೆಲ್ಲ ನನ್ನ ಮನೆ ಹುಡುಕಿಕೊಂಡೇ ಬರುತ್ತವೆ.

೧. ಸ್ಟೇಷನ್ನಿಗೆ ನುಗ್ಗಿದ ಟಗರು

ನಿಜಾಮರ ಆಳಿಕೆ ಮುಗಿದ ಹೊಸತು. ಸಂತೆಗೆ ಒಯ್ಯುತ್ತಿದ್ದ ಟಗರು ಹಗ್ಗ ಹರಕೊಂಡು ಯಾದಗಿರಿ ಸ್ಟೇಷನ್ನಿಗೆ ನುಗ್ಗಿತು. ಚಹಾದವನ ಕೆಟಲಿ ಹಾರಿತು, ಹಮಾಲರು ಹಾರಿದರು. ನಾನು ಬೆನ್ನು ಹತ್ತಿ, ಎಗರಿ ಬಿದ್ದು, ಹಿಂಗಾಲು ಹಿಡಿದೆ. ಕುರಿಗಾರರು ಹಿಡಿಯುವುದೇ ಹಿಂಗಾಲಿಗೆ. ಕೊಂಬಿಗೆ ಕೈ ಹಾಕಿದವನಿಗೆ ಹಲ್ಲಿನ ಆಸೆ ಇರಬಾರದು. ಟಗರನ್ನು ಹೆಗಲಿಗೆ ಹಾಕಿಕೊಂಡು ಮಂದಿಯ ನಡುವೆ ನುಸುಳುತ್ತ ಓಡಿದೆ.

ನಿಂತಿದ್ದ ಮುಂಬಯಿ ಮೇಲ್ ಗಾಡಿಯ ಕಿಟಕಿಯಿಂದ ಒಬ್ಬ ಬಿಳಿ ಸಾಹೇಬ ಇದನ್ನೆಲ್ಲ ನೋಡಿದ. ಇಳಿದು ಬಂದು, ಕೈಗೊಂದು ವಿಳಾಸದ ಚೀಟಿ ಕೊಟ್ಟು, ಹಿಂದುಸ್ತಾನಿಯಲ್ಲಿ, "ನಮ್ಮ ಗಿರಣಿಗೆ ಬಾ. ಹಿಂಗೇ ಹಿಡಿಯೋ ಕೆಲಸ," ಅಂದ.

"ಕುರಿ ಎಷ್ಟದಾವ್ರಿ ಸಾಹೇಬ್ರ?"

"ಕುರಿ ಅಲ್ಲ, ಮನುಷ್ಯರು."

ಮನೆಗೆ ಬಂದು ಹೇಳಿದರೆ ನಮ್ಮ ಅಜ್ಜಿಗೆ ಒಂದೇ ಚಿಂತೆ: "ಮಂದೀನ ಹಿಡದು ಏನ್ ಮಾಡ್ತಾರೋ? ಉಣ್ಣೆ ಕತ್ತರಸ್ತಾರೇನು?"

೨. ಪೆನ್ಸಿಲಿನಲ್ಲಿ ಬರೆದ ರಾಜ್ಯ

ತಂಡದಲ್ಲಿ ಗೋವಾದವರು, ಪಾರಸಿಗಳು, ಆಂಗ್ಲೋ ಇಂಡಿಯನ್ನರು. ಕುರಿ ಕಾಯುವ ಕುಲದವ ನಾನೊಬ್ಬನೇ, ಕನ್ನಡದವನೂ ನಾನೊಬ್ಬನೇ. ಹೈದರಾಬಾದ್ ರಾಜ್ಯದವ ಅಂದಿದ್ದಕ್ಕೆ "ನವಾಬ್" ಅಂತ ಕರೆದರು. ನಾನೂ ಬೇಡ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಮುನ್ನೂರು ಆಳು ಇದ್ದಾರೆ ಅಂದೆ, ಅವುಗಳಿಗೆ ನಾಲ್ಕು ಕಾಲು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಮೂರು ತಿಂಗಳು ನನ್ನ ಬೂಟು ಬಿಚ್ಚಲು ಇಬ್ಬರು ಬರುತ್ತಿದ್ದರು.

ವರ್ಷಕ್ಕೊಮ್ಮೆ ಗಿರಣಿಯ ಕಾರಕೂನ ದಫ್ತರದಲ್ಲಿ ನಮ್ಮ ಊರು, ರಾಜ್ಯ ಬರೆದುಕೊಳ್ಳುತ್ತಿದ್ದ. ಸೊಲ್ಲಾಪುರದವ, ಕನ್ನಡ ಬಲ್ಲವ. ಪ್ರತಿ ವರ್ಷ ಹೈದರಾಬಾದ್ ಅಂತಿದ್ದವನು ಒಂದು ವರ್ಷ ಮೈಸೂರು ಅಂದೆ. ಕನ್ನಡಕ ಏರಿಸಿದ.

"ಮನಿ ಬದಲಿ ಮಾಡಿದೇನು?"

"ಇಲ್ರಿ. ಮನಿ ಇದ್ದಲ್ಲೇ ಅದ. ಅಲ್ಲಿದ್ದ ರಾಜ್ಯ ಎದ್ದು ಹೋಗಿ ಇನ್ನೊಂದು ಬಂದು ಕುಂತದ."

ಪೆನ್ನು ಕೆಳಗಿಟ್ಟು, "ಹಂಗಾರ ಸದ್ಯಕ್ಕ ಪೆನ್ಸಿಲಿನಾಗ ಬರಿತೀನಿ," ಅಂದ.

೩. ಕೆಂಪು ಹಿಂಡಿಯ ಪ್ರತಾಪ

ರಾಜ್ಯ ಖಾಯಂ ಆದರೂ ನಾನು ಖಾಯಂ ಆಗಲಿಲ್ಲ. ಶಹಾಪುರ ಕಡೆಯ ಕುರಿಗಾರ ಹಿರಿಯರೊಬ್ಬರು ಮಗಳನ್ನು ಕೊಡಲು ಒಪ್ಪಿದ್ದರು. ಅವರದು ಒಂದೇ ಶರತ್ತು: "ನೌಕರಿ ಖಾಯಂ ಆಗ್ಲಿ ತಮ್ಮಾ, ಆಮ್ಯಾಲ ಮದುವಿ ಅಕ್ಕಿಕಾಳು." ಸಾಹೇಬನೋ, ನೋಡೋಣ ನೋಡೋಣ ಅನ್ನುತ್ತಿದ್ದ.

ಈ ಆಟ ಹೀಗೆ: ಮೊಟ್ಟೆ ಆಕಾರದ ಚೆಂಡನ್ನು ಕಂಕುಳಲ್ಲಿ ಹಿಡಕೊಂಡು ಓಡಿ, ಎದುರಿನವರ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ಅಂಕ. ಒಮ್ಮೆ ಅರ್ಧ ಆಟದ ಬಿಡುವಿನಲ್ಲಿ ನಾನು ರೊಟ್ಟಿ ಬಿಚ್ಚಿದೆ. ಎದುರಿನ ತಂಡದ ಕ್ಯಾಪ್ಟನ್ ಇಣುಕಿದ. ನಮ್ಮವ್ವ ಕುಟ್ಟಿದ ಕೆಂಪು ಮೆಣಸಿನಕಾಯಿ ಹಿಂಡಿ ಒಂದು ಮುಷ್ಟಿ ಕೊಟ್ಟು, "ತಿನ್ನು, ಕುದುರೆ ಹಂಗ ಓಡ್ತಿ," ಅಂದೆ. ಅವನು ಎರಡನೇ ಅರ್ಧದಲ್ಲಿ ನೆಲಕ್ಕೆ ಬಿದ್ದು ಹೊರಳುತ್ತಾನೆ ಅನ್ನುವುದು ನನ್ನ ಲೆಕ್ಕ.

ಅವನು ಓಡಿದ. ಚೆಂಡು ಕೈಗೆ ಸಿಕ್ಕಿದ್ದೇ ತಡ, ನಮ್ಮ ಐದು ಮಂದಿಯನ್ನು ಕೆಡವಿ ನೆಟ್ಟಗೆ ಓಡಿದ. ನೀರಿನ ನಳ ಇದ್ದದ್ದು ನಮ್ಮ ಗೆರೆಯ ಹಿಂದೆಯೇ. ಚೆಂಡು ಕೆಳಗಿಟ್ಟು ನಳಕ್ಕೆ ಬಾಯಿ ಕೊಟ್ಟ. ಅಂಕ ಅವರಿಗೆ, ಆಟವೂ ಅವರಿಗೆ.

ಸಾಹೇಬ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಇನ್ನೊಂದು ಚೇಷ್ಟೆ ಮಾಡಿದರೆ ಯಾದಗಿರಿಗೆ ಟಿಕೆಟ್."

ಅಷ್ಟರಲ್ಲಿ ಆ ಕ್ಯಾಪ್ಟನ್ ಕಣ್ಣೊರೆಸುತ್ತ ಬಂದ. "ಮುಂದಿನ ವಾರಕ್ಕೂ ಇದು ಒಂದೀಟು ಸಿಗಬಹುದಾ?"

೪. ಸಾಹೇಬನ ಹೆಗಲಿಗೆ ಕಂಬಳಿ

ಕಡೆಗೊಂದು ದಿನ ಸಾಹೇಬ, "ಈ ಪಂದ್ಯ ನೋಡಿ ನಿನ್ನದು ತೀರ್ಮಾನ," ಅಂದ. ಅದೇ ಪಂದ್ಯಕ್ಕೆ ಹುಡುಗಿಯ ಅಪ್ಪ, ಅಂದರೆ ನನಗೆ ಮಾಮಾ ಆಗಬೇಕಾದವರು, ನೌಕರಿ ನೋಡಲು ಬಂದರು. ಹೆಗಲಿಗೆ ಕಂಬಳಿ, ಕೈಯಲ್ಲಿ ಬಡಿಗೆ. ಗೆರೆಯ ಪಕ್ಕದಲ್ಲೇ ಕೂತರು.

ಈ ಆಟದಲ್ಲಿ ಆಗಾಗ ಎರಡೂ ಕಡೆಯ ಎಂಟೆಂಟು ಮಂದಿ ಬಗ್ಗಿ, ತಲೆಗೆ ತಲೆ ಸಿಗಿಸಿ ದೂಡಾಡುತ್ತಾರೆ. ಮಾಮಾ ಅದನ್ನು ನೋಡಿದರು. ನಮ್ಮಲ್ಲಿ ಟಗರುಗಳ ಕೊಂಬು ಸಿಕ್ಕಿಕೊಂಡರೆ, ಕಂಡ ಕುರಿಗಾರ ಸುಮ್ಮನೆ ಕೂಡುವ ಹಾಗಿಲ್ಲ. ಹಿಂದಿನಿಂದ ಹೋಗಿ ಒಂದರ ಹಿಂಗಾಲು ಎತ್ತಿ ಬಿಡಿಸಬೇಕು. ಮಾಮಾ ಬಡಿಗೆ ಇಟ್ಟು ಎದ್ದರು, ಎದುರಿನವರಲ್ಲಿ ಎಲ್ಲರಿಗಿಂತ ದಪ್ಪಗಿದ್ದವನ ಹಿಂಗಾಲು ಎತ್ತೇ ಬಿಟ್ಟರು. ಹದಿನಾರು ಮಂದಿ ಜೋಳದ ಚೀಲ ಉರುಳಿದ ಹಾಗೆ ಉರುಳಿದರು. ಚೆಂಡು ಹೊರಗೆ ಬಂತು, ನಾನು ಎತ್ತಿಕೊಂಡು ಓಡಿ ಅಂಕ ಮಾಡಿದೆ. ರೆಫರಿ ಅದನ್ನು ರದ್ದು ಮಾಡಿದ. ನಾವು ಸೋತೆವು.

ಸಾಹೇಬ ನಮ್ಮವ್ವನ ಹಿಂಡಿಗಿಂತ ಕೆಂಪಗಾಗಿ ಬಂದ. "ನಾಳೆಯೇ ಊರಿಗೆ ಹೋಗು. ಈ ಮುದುಕನನ್ನೂ ಕರಕೊಂಡು ಹೋಗು. ಅವನಿಗೂ ಹೇಳು," ಅಂತ ಹಿಂದುಸ್ತಾನಿಯಲ್ಲಿ ಕೂಗಾಡಿದ.

ನಾನು ಮಾಮಾಗೆ ಕನ್ನಡದಲ್ಲಿ ಹೇಳಿದೆ: "ನೌಕರಿ ಖಾಯಂ ಆತಂತ್ರಿ ಮಾಮಾ. ಮದುವಿ ಯಾವಾಗ ಅಂತ ಕೇಳಾಕತ್ತಾರ."

ಮಾಮಾ ಸಾಹೇಬನನ್ನು ನೋಡಿದರು, ನನ್ನನ್ನು ನೋಡಿದರು. ತಮ್ಮ ಕಂಬಳಿ ತೆಗೆದು, ಆ ಉರಿಬಿಸಿಲಿನಲ್ಲಿ, ಸಾಹೇಬನ ಹೆಗಲಿಗೆ ಹೊದಿಸಿ ಕೈಮುಗಿದರು.

"ಏನಿದು?" ಅಂದ ಸಾಹೇಬ.

"ನಮ್ಮ ಕಡೆ ಪದ್ಧತಿ ಸಾಹೇಬ್," ಅಂದೆ ನಾನು. "ಕಂಬಳಿ ಹೊದ್ದವರು ಆ ಮನಿಯವರ ಅನ್ನ ಕಸಿಯೋ ಹಂಗಿಲ್ಲ. ನೌಕರಿ ಖಾಯಂ ಅನ್ನೋತನಕ ತೆಗಿಯೋ ಹಂಗೂ ಇಲ್ಲ."

ಈ ಪದ್ಧತಿ ಹುಟ್ಟಿದ್ದು ಆ ಕ್ಷಣಕ್ಕೆ. ಸಾಹೇಬ ಮಾಮಾನ ಮುಗಿದ ಕೈ ನೋಡುತ್ತ ನಿಂತ. ಬೆವರು ಮೂಗಿನ ತುದಿಗೆ ಬಂತು. "ಖಾಯಂ," ಅಂದ. "ಮೊದಲು ಇದನ್ನು ತೆಗೆ."

ವಾಪಸು ಹೊರಟ ಮಾಮಾನನ್ನು ಗಾಡಿ ಹತ್ತಿಸಲು ಹೋಗಿದ್ದೆ. ಕಿಟಕಿಯಿಂದ ಬಗ್ಗಿ ಹೇಳಿದರು: "ತಮ್ಮಾ, ನಿಜಾಮರ ಕಾಲದಾಗ ಇಪ್ಪತ್ತು ವರ್ಷ ಹೈದರಾಬಾದಿಗೆ ಕಂಬಳಿ ಮಾರಾಕ ಹೋಗೀನಿ. ಸಾಹೇಬ ಬೈದಿದ್ದು ಒಂದೊಂದು ಮಾತೂ ತಿಳದಿತ್ತು."

"ಮತ್ತ ಕಂಬಳಿ ಯಾಕ ಹೊದಿಸಿದ್ರಿ?"

"ನಿನ್ನ ಸುಳ್ಳು ಒಂದ ಕಾಲ ಮ್ಯಾಲ ನಿಂತಿತ್ತು. ಬೀಳಬಾರದಂತ ನಾ ಇನ್ನೊಂದು ಕಾಲ ಕೊಟ್ಟೆ. ಹಿಂಗ ಸುಳ್ಳು ಹೇಳಾವ ನನ್ನ ಮಗಳಿಗಿ ಉಪವಾಸ ಕೆಡವಂಗಿಲ್ಲ."

ಬೇಕಾದರೆ ನನ್ನ ಹೆಂಡತಿಯನ್ನು ಕೇಳ್ರಿ. "ನಮ್ಮಪ್ಪ ಮುಂಬಯಿ ಮಾರಿ ನೋಡೇ ಇಲ್ಲ" ಅಂತಾಳೆ. ಅಪ್ಪನ ಮಗಳಲ್ಲೇನು, ಸುಳ್ಳು ರಕ್ತದಾಗ ಅದ. ಇರಲಿ, ಖರೇ ಹೇಳಿ ಹೇಳಿ ಗಂಟಲು ಒಣಗ್ಯಾದ. ನನ್ನ ಚಹಾದ್ದೂ ನೀವೇ ಕೊಟ್ಟುಬಿಡ್ರಿ.